ಹುಲೆಪ್ಪನ ‘ಹೋ’

ಅಂದೋಲಾ ಊರಿನ ಸುತ್ತಮುತ್ತ ಎತ್ತು ಕಟ್ಟಿದವರು ಬೇಕಾದಷ್ಟಿದ್ದರು. ಆದರೆ ಬಾರುಕೋಲು ಮುಟ್ಟದೆ ಎತ್ತು ನಿಲ್ಲಿಸುವವನು ಹುಲೆಪ್ಪ ಒಬ್ಬನೇ. ಗಂಟಲು ಬಿಟ್ಟು ‘ಹೋ...’ ಎಂದರೆ ಸಾಕು, ಎಂಥ ಪುಂಡ ಹೋರಿಯೂ ಎತ್ತಿದ ಕಾಲು ಅಲ್ಲೇ ಇಳಿಸುತ್ತಿತ್ತು. ಹೆಂಡತಿ ಗುರುಬಾಯಿಗಂತೂ ಆ ಕೂಗಿನ ಮೇಲೆ ಎಲ್ಲಿಲ್ಲದ ನಂಬಿಕೆ. ಇಪ್ಪತ್ತೈದು ವರ್ಷ ಕುಂಟೆ ಎಳೆಯುವ ಎತ್ತುಗಳ ಮುಂದೆ ಬಗ್ಗಿ ಕಸ ಆರಿಸಿದವಳು ಒಮ್ಮೆಯೂ ತಿರುಗಿ ನೋಡಿದವಳಲ್ಲ. ಬೆನ್ನ ಹಿಂದೆ ‘ಹೋ’ ಕೇಳಿತೆಂದರೆ ಎತ್ತು ನಿಂತವೆಂದೇ ಅವಳ ಲೆಕ್ಕ.

ಕಾಲುವೆ ನೀರು ಬಂದ ಮೇಲೆ ಅವರ ತಗ್ಗಿನ ಹೊಲ ಭತ್ತದ ಗದ್ದೆಯಾಯಿತು. ಕರಿಮಣ್ಣಿನ ಕೆಸರು, ಎತ್ತುಗಳು ಮೊಣಕಾಲತನಕ ಹೂತು, ಒಂದು ಮಡಿ ಕಲಸುವುದರೊಳಗೆ ಬಾಯಲ್ಲಿ ನೊರೆ. ಅದಕ್ಕೇ ತೊಂಬತ್ತೆರಡರ ಮಳೆಗಾಲದಲ್ಲಿ ಯಾಕೂಬಸಾಬನ ಪವರ್ ಟಿಲ್ಲರ್ ಬಾಡಿಗೆಗೆ ಬಂತು. ಮುಂದೆ ಎರಡು ಕಬ್ಬಿಣದ ಗಾಲಿ, ಹಿಂದೆ ತಿರುಗುವ ಬ್ಲೇಡು, ಹಿಡಿದು ನಡೆಯಲು ಉದ್ದನೆಯ ಎರಡು ಹಿಡಿಕೆ. ಹುಲೆಪ್ಪ ಬೆಳಗಿನಿಂದ ಅದರ ಹಿಂದೆಯೇ ಸುತ್ತಿದ. ಐವತ್ತು ದಾಟಿದವನಿಗೆ ಅದೆಂಥ ಆಸೆಯೋ!

ಮಧ್ಯಾಹ್ನ ಯಾಕೂಬಸಾಬನಿಗೆ ನಮಾಜಿನ ಹೊತ್ತಾಯಿತು.

“ನಾ ಒಂದು ಸುತ್ತು ಹೊಡೀತೇನಿ, ಕೊಡೋ ಯಾಕೂಬ,” ಎಂದ ಹುಲೆಪ್ಪ.

“ಹುಷಾರ್ರೀ ಕಾಕಾ. ಹಿಡಿಕಿ ಹತ್ರದ ಈ ಕ್ಲಚ್ ಕಡ್ಡಿ ಎಳದ್ರ ಮಾತ್ರ ನಿಂದರ್ತದ.”

“ಮೂಗದಾರ ಇಲ್ಲದ ಹೋರಿನೇ ನಿಂದರಿಸೇನಿ. ಇದ್ಯಾವ ಲೆಕ್ಕಲೇ!”

ಯಾಕೂಬಸಾಬ ನಗುತ್ತ ಕಾಲುವೆಗೆ ಕೈಕಾಲು ತೊಳೆಯಲು ಹೋದ.

ಮಡಿಯ ಅಂಚಿನತನಕ ಎಲ್ಲ ಚಂದವೇ ನಡೆಯಿತು. ಒಡ್ಡಿನಾಚೆ, ಕೆಳಗಿನ ಸಸಿಮಡಿಯಲ್ಲಿ ಗುರುಬಾಯಿ ಇತ್ತ ಬೆನ್ನು ಮಾಡಿ ಸಸಿ ಕೀಳುತ್ತಿದ್ದಳು. ಒಡ್ಡು ಬಂತು. ಹುಲೆಪ್ಪ ‘ಹೋ’ ಎಂದ.

ಟಿಲ್ಲರ್ ಒಡ್ಡು ಹತ್ತಿತು.

‘ಹೋ! ಹೋ! ಹೋ!’ ಅಯ್ಯೋ ದೇವರೇ, ಕಬ್ಬಿಣಕ್ಕೆ ಕಿವಿ ಎಲ್ಲಿಂದ ಬರಬೇಕು? ಆ ಕಡ್ಡಿ ಬೆರಳ ತುದಿಯಲ್ಲೇ ಇತ್ತು. ಆದರೆ ಅವನ ಕೈಗೆ ಗೊತ್ತಿದ್ದುದು ಹಗ್ಗ ಜಗ್ಗುವುದೊಂದೇ. ಹಿಡಿಕೆಗಳನ್ನು ಎದೆಗೆ ಜಗ್ಗಿದ, ಕಿರುಚಿದ. ‘ದೂರ ಸರಿಯೇ’ ಎನ್ನುವ ಮಾತು ಬಾಯಿಗೆ ಬರಲೇ ಇಲ್ಲ. ಬಂದದ್ದು ಅದೊಂದೇ ಕೂಗು.

ಯಂತ್ರದ ಸದ್ದಿನ ನಡುವೆಯೂ ಗುರುಬಾಯಿ ಆ ಕೂಗು ಕೇಳಿದಳು. ಕೇಳಿ, ನಿರಾಳವಾಗಿ ಇನ್ನೊಂದು ಹಿಡಿ ಸಸಿಗೆ ಕೈ ಹಾಕಿದಳು.

ಯಾಕೂಬಸಾಬ ಒದ್ದೆ ಕಾಲಲ್ಲೇ ಓಡಿ ಬಂದು ಕಡ್ಡಿ ಎಳೆಯುವಷ್ಟರಲ್ಲಿ ಗಾಲಿ ಅವಳ ಎಡಗಾಲ ಮೇಲೆ ಹತ್ತಿತ್ತು. ಸಸಿಮಡಿಯ ನೀರೆಲ್ಲ ಕೆಂಪು. ಹುಲೆಪ್ಪ ಹಿಡಿಕೆ ಬಿಡದೆ ಇನ್ನೂ ‘ಹೋ, ಹೋ’ ಎನ್ನುತ್ತಲೇ ಇದ್ದ.

ಗುಲಬರ್ಗಾದ ದವಾಖಾನೆಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದರು. ಎಚ್ಚರಾದ ಗುರುಬಾಯಿ ಬೈಯಲಿಲ್ಲ, ಅಳಲೂ ಇಲ್ಲ. ತಿಳಿಯದೆ ಕೇಳಿದಳು:

“ನೀವು ಹೋ ಅಂದ್ರಲ್ರೀ... ನಿಂತದ ಅಂತ ತಿಳಕೊಂಡೆ.”

ಅಂದಿನಿಂದ ಆ ಕೂಗು ಹುಲೆಪ್ಪನ ಗಂಟಲಿಂದ ಹೊರಡಲೇ ಇಲ್ಲ. ಗದ್ದೆಗೆ ಪ್ರತಿವರ್ಷ ಟಿಲ್ಲರ್ ಬರುತ್ತಿತ್ತು, ಯಾಕೂಬಸಾಬನೇ ಹೊಡೆಯುತ್ತಿದ್ದ, ಅದರ ತಪ್ಪೇನಿತ್ತು? ಆದರೆ ಮೇಲಿನ ಜೋಳದ ಹೊಲಕ್ಕೆ ಎತ್ತು ಹೂಡಿದಾಗ ಸಾಲಿನ ಕೊನೆಗೆ ಬಂದು ಹುಲೆಪ್ಪ ಬಾಯಿ ತೆರೆಯುವನು, ದನಿ ಬಾರದು. ಎತ್ತುಗಳು ಒಡ್ಡಿನತ್ತ ನಡೆದೇ ಬಿಡುವವು.

ಆಗ ಊರಿ ನಡೆಯುವ ಬಡಿಗೆ ಪಕ್ಕಕ್ಕಿಟ್ಟು ಒಡ್ಡಿನ ಮೇಲೆ ಕೂತ ಗುರುಬಾಯಿ ಅವನ ಹಾಗೆಯೇ ಗಂಟಲು ಬಿಟ್ಟು ‘ಹೋ...’ ಎನ್ನುವಳು. ಎತ್ತು ನಿಲ್ಲುವವು. ಹುಲೆಪ್ಪನೂ ನಿಂತು, ಆಚೆ ತಿರುಗಿ ಮುಖ ಒರೆಸಿಕೊಳ್ಳುವನು.