ವಸಂತನ ಕೋಟಿನ ಮೇಲಿದ್ದವನು

ಹೆತ್ತೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ವಸಂತ ಹರೆಯದಿಂದಲೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕೆಲಸ ಮಾಡಿಕೊಂಡಿದ್ದ. ಕಾವಲುಗಾರನಾದದ್ದು ಐವತ್ತರ ಹತ್ತಿರ ಬಂದ ಮೇಲೆ. ತೊಂಬತ್ತೈದನೇ ಇಸವಿ ಅದು, ಕಾಫಿಗೆ ಒಳ್ಳೆಯ ಬೆಲೆ ಬಂದಿತ್ತು. ಕಣದಲ್ಲಿ ಒಣಹಾಕಿದ ಬೀಜ ಬೆಳಗಾಗುವಷ್ಟರಲ್ಲಿ ಮೂಟೆಗಟ್ಟಲೆ ಮಾಯವಾಗುತ್ತಿತ್ತು. ಸುತ್ತಲಿನ ಎಸ್ಟೇಟಿನವರು ಮಿಲಿಟರಿಯಿಂದ ನಿವೃತ್ತರಾದವರನ್ನು ಹುಡುಕಿ ಗೇಟಿಗೆ ನಿಲ್ಲಿಸಿಕೊಂಡರು. ವಸಂತನ ಮಾಲೀಕ ಪ್ರತಾಪ್ ಅವರಿಗೆ ಅಂಥವರು ಯಾರೂ ಸಿಗಲಿಲ್ಲ. ಸಿಕ್ಕಿದ್ದು ಹಾಸನದ ಸಂತೆಯಲ್ಲಿ, ಹಳೆ ಬಟ್ಟೆಯ ರಾಶಿಯೊಳಗಿದ್ದ ಒಂದು ಮಿಲಿಟರಿ ಕೋಟು. ಅದರ ಎಡಜೇಬಿನ ಮೇಲೆ ಮೆಡಲುಗಳ ಗುರುತಿಗೆ ಹಾಕುವ ಐದು ರಿಬ್ಬನ್ ತುಂಡುಗಳ ಪಟ್ಟಿ ಹಾಗೆಯೇ ಉಳಿದಿತ್ತು.

"ಇದನ್ನ ಹಾಕ್ಕೊಂಡು ನಿಂತ್ಕೊ. ಕಳ್ರು ಅರ್ಧ ದಾರಿಲೇ ವಾಪಸ್ ಹೋಗ್ತಾರೆ," ಎಂದರು ಪ್ರತಾಪ್.

"ನಾನು ಹಾಸನ ದಾಟಿ ಹೋದೋನಲ್ಲ ಸಾರ್."

"ಕಳ್ರಿಗೆ ಅದೆಲ್ಲಿ ಗೊತ್ತು? ಹಾಕ್ಕೊ ಮಾರಾಯ."

ಕೋಟು ಅವನ ಅಳತೆ ತೆಗೆದೇ ಹೊಲಿಸಿದಂತಿತ್ತು. ಕಳ್ಳತನ ನಿಂತಿತು. ಬಸ್ಸಿನ ಡ್ರೈವರು ಗೇಟಿನ ಮುಂದೆ ಹಾದುಹೋಗುವಾಗ ಕೈ ಎತ್ತಿ ಸೆಲ್ಯೂಟ್ ಹೊಡೆಯತೊಡಗಿದ. ಮೊದಮೊದಲು ನಾಚುತ್ತಿದ್ದ ವಸಂತ ಆಮೇಲೆ ತಾನೂ ಹೊಡೆಯಲು ಕಲಿತ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಸಂಜೆ ತೋಟಕ್ಕೆ ಆನೆ ನುಗ್ಗಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಸವರಾಜು ಪಟಾಕಿ ಹೊಡೆಸಿದ. ಮೊದಲ ಸದ್ದಿಗೇ ಕೋಟು ತೊಟ್ಟಿದ್ದ ವಸಂತ ನೆಲಕ್ಕೆ ಬಿದ್ದ. ಎಡವಿ ಬಿದ್ದದ್ದಲ್ಲ, ಎದೆಯನ್ನು ಮಣ್ಣಿಗೊತ್ತಿ, ತಲೆಯ ಹಿಂದೆ ಕೈ ಕಟ್ಟಿ, ಆಮೇಲೆ ಮೊಣಕೈ ಊರಿ ಕಾಫಿ ಗಿಡದ ಬುಡಕ್ಕೆ ತೆವಳಿಕೊಂಡು ಹೋದ.

"ನೋಡ್ರೋ, ಮಿಲ್ಟ್ರಿ ಟ್ರೈನಿಂಗು! ಆನೆ ಗುಂಡು ಹೊಡಿತೈತೆ ಅನ್ಕೊಂಡ್ಯಾ ವಸಂತಣ್ಣ?" ಎಂದು ಬಸವರಾಜು ನಕ್ಕ. ಕೂಲಿ ಲೈನಿನ ಹೆಂಗಸರೂ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ವಸಂತನ ಹೆಂಡತಿ ಮಾದಮ್ಮ ಮಾತ್ರ ನಗಲಿಲ್ಲ. ಗಂಡ ಹರೆಯದಿಂದ ತಾನೇ ಪಟಾಕಿ ಹಚ್ಚಿ ಆನೆ ಓಡಿಸುತ್ತಿದ್ದವನು ಎಂದು ಅವಳಿಗೆ ಗೊತ್ತಿತ್ತು.

ಮಾರನೆಯ ದಿನ ಅವಳು ಕೋಟನ್ನು ಒಗೆಯುವ ಕಲ್ಲಿಗೆ ಒಯ್ದಳು. ಪಟ್ಟಿಯ ಮೊದಲ ರಿಬ್ಬನ್ನು ಬಿಳಿಯದು, ನಡುವೆ ಕೆಂಪು. ಆಯುಧಪೂಜೆಯಲ್ಲಿ ಜೀಪಿಗೂ ಪಲ್ಪರಿಗೂ ಇಟ್ಟಂತೆ ಇದಕ್ಕೂ ಯಾರೋ ಕುಂಕುಮ ಇಟ್ಟಿರಬೇಕೆಂದು ಅವಳು ಸೋಪು ಹಾಕಿ ಉಜ್ಜಿದಳು. ಬಿಳಿ ಇನ್ನಷ್ಟು ಬೆಳ್ಳಗಾಯಿತು, ಕೆಂಪು ಹೋಗಲಿಲ್ಲ. ಕುಂಕುಮವಲ್ಲ, ರಕ್ತ ಎನ್ನಿಸಿ ಅವಳು ಉಜ್ಜುವುದನ್ನು ಬಿಟ್ಟಳು.

"ಇದು ಸತ್ತೋರ ಅಂಗಿ ಕಣ್ರೀ. ಅವ್ರಿನ್ನೂ ಇದ್ರಾಗೇ ಅವ್ರೆ," ಎಂದಳು ಗಂಡನಿಗೆ. "ಹಿರೇರ ಹಬ್ಬಕ್ಕೆ ಒಂದು ಎಲೆ ಇಟ್ಟು ಕಳಿಸ್ಬುಡಿ."

ಅವರ ಮನೆಯಲ್ಲಿ ಎಡೆ ಇಟ್ಟ ಮೇಲೆ ಹೊಸ್ತಿಲಲ್ಲಿ ನಿಂತು ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಕರೆದು, ಬಾಗಿಲು ಮುಚ್ಚಿ, ಅವರು ಉಣ್ಣುವವರೆಗೆ ಹೊರಗೆ ಕಾಯಬೇಕು. ಹೆಸರು ಕರೆಯದೆ ಯಾರೂ ಬರುವುದಿಲ್ಲ. ಬರದವರನ್ನು ಕಳಿಸುವುದಾದರೂ ಹೇಗೆ? ವಸಂತನಿಗೆ ಆ ಹೆಸರು ಬೇಕಾಯಿತು.

ಮಳೆಗಾಲ ಕಳೆದ ಮೇಲೆ ಅವನು ಕೋಟನ್ನು ಚೀಲದಲ್ಲಿ ಹಾಕಿಕೊಂಡು ಸಕಲೇಶಪುರಕ್ಕೆ ಹೋದ. ಅಲ್ಲಿ ಬಾಬಾಜಾನ್ ಎಂಬ ಟೈಲರ್ ಇದ್ದರು. ಹರೆಯದಲ್ಲಿ ಅವರು ಬೆಳಗಾವಿಯ ದಂಡಿನಲ್ಲಿ ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದವರು. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ಈ ಬಿಳಿ-ಕೆಂಪಿದ್ದು ಗಾಯದ್ದು. ಯುದ್ಧದಲ್ಲಿ ಗಾಯ ಆದೋರಿಗೆ ಕೊಡೋದು."

ವಸಂತನ ಕೈ ಅವನಿಗೇ ತಿಳಿಯದಂತೆ ಎದೆಗೆ ಹೋಯಿತು. "ಎಲ್ಲಿ ಆಗಿತ್ತು ಸಾಬ್ರೇ, ಗಾಯ?"

"ಅದನ್ನ ರಿಬ್ಬನ್ ಹೇಳಲ್ಲಪ್ಪ. ಇದು ಎಪ್ಪತ್ತೊಂದರ ಯುದ್ಧದ್ದು, ಪಶ್ಚಿಮದ ಗಡಿಲಿದ್ದೋರಿಗೆ. ಇದು ಆ ಯುದ್ಧದ ಕಾಲದಲ್ಲಿ ಸೇವೆಲಿದ್ದೋರಿಗೆ. ಇದು ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಆಯ್ತಲ್ಲ, ಅವಾಗ ಇದ್ದೋರಿಗೆಲ್ಲ. ಕೊನೇದು ಒಂಬತ್ತು ವರ್ಷ ದುಡಿದಿದ್ದಕ್ಕೆ." ಬಾಬಾಜಾನ್ ಪಟ್ಟಿಯನ್ನು ತಿರುಗಿಸಿ ನೋಡಿದರು. "ಅರವತ್ತೈದರ ಯುದ್ಧದ್ದು ಇಲ್ಲ. ಅವಾಗ ಇನ್ನೂ ಸೇರಿರ್ಲಿಲ್ಲ. ಇಪ್ಪತ್ತು ವರ್ಷದ್ದೂ ಇಲ್ಲ. ಅಷ್ಟು ದಿನ ಇರ್ಲಿಲ್ಲ. ಹೆಚ್ಚುಕಮ್ಮಿ ನಿನ್ನ ವಯಸ್ಸಿನೋನೇ."

"ಹೆಸರು?"

"ಹೆಸರು ಮೆಡಲಿನ ಅಂಚಲ್ಲಿ ಕೆತ್ತಿರ್ತಾರೆ. ರಿಬ್ಬನ್ನಿಗೆ ಹೆಸರು ಎಲ್ಲೈತೆ?"

ವಸಂತ ಕೋಟನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡ. ಹಿಂದಿರುಗಿದವನೇ ಪ್ರತಾಪ್ ಅವರ ಮುಂದೆ ನಿಂತು, ಕೋಟು ಇನ್ನು ಹಾಕುವುದಿಲ್ಲ ಎಂದ.

"ಯಾರಿಗೆ ಗೊತ್ತಾಗುತ್ತೆ ಮಾರಾಯ?"

"ಅವನಿಗೆ ಗೊತ್ತಲ್ಲ ಸಾರ್."

ಹಾಗಾದರೆ ಪಲ್ಪರ್ ಮನೆಗೇ ವಾಪಸ್ ಹೋಗು ಎಂದರು ಅವರು. ವಸಂತ ಹೋದ.

ಹಿರಿಯರ ಹಬ್ಬದ ಸಂಜೆ ಮಾದಮ್ಮ ಮೂರು ಎಲೆ ಹಾಕಿದಳು. ಅಪ್ಪನಿಗೊಂದು, ಅವ್ವನಿಗೊಂದು, ಮೂರನೆಯದು ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಕೋಟಿನ ಕೆಳಗೆ. ಕೋಳಿಸಾರು, ಕಡುಬು, ಒಂದು ಲೋಟ ಸಾರಾಯಿ. ಬಡಿಸುತ್ತಿದ್ದವಳು ಸೌಟು ಹಿಡಿದೇ ಕೇಳಿದಳು.

"ಅಲ್ರೀ, ಆವಯ್ಯ ಬದುಕಿದ್ರೆ? ಬದುಕಿರೋರಿಗೆ ಎಡೆ ಇಡ್ಬೋದಾ?"

"ಬದುಕಿದ್ರೆ ಉಂಡ್ಕೊಂಡು ಹೋಗ್ಲಿ ಬಿಡೇ."

ವಸಂತ ಹೊಸ್ತಿಲಲ್ಲಿ ನಿಂತು ಅಪ್ಪನನ್ನು ಕರೆದ, ಅವ್ವನನ್ನು ಕರೆದ. ಮೂರನೆಯವನನ್ನು ಕರೆಯಲು ಹೆಸರಿರಲಿಲ್ಲ. ಹೊರಗೆ ಕತ್ತಲಾಗುತ್ತಿತ್ತು. "ಕರೀರಿ," ಎಂದಳು ಮಾದಮ್ಮ ಮೆಲ್ಲಗೆ. ಅವನು ಕೋಟಿನ ಕಡೆ ತಿರುಗಿ, ಪಟ್ಟಿಯ ಮೊದಲಿನಿಂದ ಒಂದೊಂದೇ ರಿಬ್ಬನ್ನನ್ನು ನೋಡುತ್ತ ಕರೆದ.

"ಗಾಯ ಆದೋನೇ, ಬಾ. ಪಶ್ಚಿಮದ ಗಡಿಲಿ ಇದ್ದೋನೇ, ಬಾ. ಯುದ್ಧದ ಕಾಲದಲ್ಲಿ ಮನೆ ಬಿಟ್ಟಿದ್ದೋನೇ, ಬಾ. ಸ್ವಾತಂತ್ರ್ಯದ ಇಪ್ಪತ್ತೈದು ವರ್ಷ ಕಂಡೋನೇ, ಒಂಬತ್ತು ವರ್ಷ ದುಡಿದೋನೇ, ಬಾರಪ್ಪ. ನಿನ್ನ ಹೆಸರು ನಂಗೆ ಗೊತ್ತಿಲ್ಲ. ಉಂಡು ಹೋಗು."

ಬಾಗಿಲು ಮುಚ್ಚಿ ಇಬ್ಬರೂ ಅಂಗಳದಲ್ಲಿ ನಿಂತರು. ಒಳಗೆ ಏನೂ ಸದ್ದಾಗಲಿಲ್ಲ. ಆದರೂ ಅವತ್ತು ಬಾಗಿಲು ತೆಗೆಯಲು ಇಬ್ಬರಿಗೂ ಬೇಗ ಮನಸ್ಸಾಗಲಿಲ್ಲ.

ತೆಗೆದಾಗ ಎಲೆಗಳು ಇಟ್ಟಂತೆಯೇ ಇದ್ದವು. ಎಡೆ ಇಟ್ಟದ್ದನ್ನು ಮನೆಯವರು ಉಣ್ಣಬೇಕು. ಅತ್ತೆ ಮಾವಂದಿರ ಎಲೆಯದನ್ನು ಮಾದಮ್ಮ ಬಡಿಸಿಕೊಂಡಳು. ಮೂರನೆಯ ಎಲೆಯನ್ನು ಅವಳು ಮುಟ್ಟಲಿಲ್ಲ.

"ಅದನ್ನ ನೀವೇ ಉಣ್ಣಿ. ಅವರ ಅಂಗಿ ತೊಟ್ಟೋರು ನೀವಲ್ವಾ?"

ವಸಂತ ಕೋಟಿನ ಕೆಳಗೆ ಕುಳಿತ. ಒಂದು ತುತ್ತನ್ನು ನಾಲ್ಕು ಸಲ ಅಗಿದು, ನಡುವೆ ಮಾತಾಡಿ, ಹೆಂಡತಿ ಪಾತ್ರೆ ತೊಳೆಯಲು ಎದ್ದರೂ ಎಲೆಯ ಮುಂದೆಯೇ ಇರುವ ಮನುಷ್ಯ ಅವನು. ಅವತ್ತು ತಲೆ ಎತ್ತದೆ ಉಂಡ. ಯಾರೋ ಸೀಟಿ ಊದುವುದರೊಳಗೆ ಮುಗಿಸಬೇಕು ಎನ್ನುವಂತೆ ಗಬಗಬನೆ ಉಂಡು, ಎಲೆ ಮಡಿಚಿ, ಎದ್ದು ನೆಟ್ಟಗೆ ನಿಂತ. ಮಾದಮ್ಮ ತನ್ನ ಎಲೆಯ ಮೇಲೆ ಕೈ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವಳು ಇನ್ನೂ ಮೊದಲ ಕಡುಬನ್ನೇ ಮುರಿದಿರಲಿಲ್ಲ.