ಕೊಸರಿಗೆ ಬಂದ ಕಲ್ಲು

ನಮ್ಮೂರ ಇತಿಹಾಸ ಮಂಡಳಿಗೆ ನಾನು ಇತಿಹಾಸಕ್ಕೆಂದು ಸೇರಿದವನಲ್ಲ, ವ್ಯಾಪಾರಕ್ಕೆಂದು ಸೇರಿದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಮನಾಬಾದಿನ ಹೆದ್ದಾರಿ ಬದಿಗೆ ನನ್ನದೊಂದು ಅಡ್ಡೆ ಇದೆ. ಕೆಡವಿದ ಹಳೇ ಮನೆಗಳ ಬಾಗಿಲು, ಕಂಬ, ತೊಲೆ, ಹಾಸುಗಲ್ಲು ಕೊಂಡು ತಂದು ಮಾರುತ್ತೇನೆ. ಯಾವ ಊರಿನ ಯಾವ ವಾಡೆಯ ಗೋಡೆ ಹೊಟ್ಟೆ ಬಿಟ್ಟಿದೆ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ ಎನ್ನುವುದು ನನಗೆ ಉಳಿದವರಿಗಿಂತ ನಾಲ್ಕು ದಿನ ಮೊದಲು ಗೊತ್ತಾಗಬೇಕು. ಮಂಡಳಿಯವರು ತಿಂಗಳಿಗೊಮ್ಮೆ ಸಮುದಾಯ ಭವನದಲ್ಲಿ ಕೂತು ಮಾತಾಡುವುದು ಇಂಥ ಮನೆಗಳ ಬಗ್ಗೆಯೇ. ಚಹಾ ನನ್ನ ಕಡೆಯಿಂದ ಎಂದೆ. ಸದಸ್ಯನಾದೆ.

ಹಳೇ ಬಾಗಿಲು ಕೊಳ್ಳುವವರಿಗೆ ಒಂದು ಮಾತು. ಕೆತ್ತನೆ ನೋಡಿ ಮರುಳಾಗಬೇಡಿ. ಬಾಗಿಲಿನ ಕೆಳಗಿನ ನಾಲ್ಕು ಬೆರಳು ಜಾಗ ನೋಡಿ. ಮರ ನೀರು ಕುಡಿದಿದ್ದರೆ ಅಲ್ಲಿ ಉಗುರು ಇಳಿಯುತ್ತದೆ. ಚೌಕಾಸಿ ಮುಗಿದು, ಸಾಮಾನು ಲಾರಿ ಹತ್ತಿದ ಮೇಲೆ, ಕೊಸರು ಕೇಳುವುದನ್ನು ಮಾತ್ರ ಬಿಡಬೇಡಿ. ತರಕಾರಿಯವಳ ಹತ್ತಿರ ಮೇಲೊಂದು ಹಿಡಿ ಕೊತ್ತಂಬರಿ ಕೇಳುತ್ತೀರಲ್ಲ, ಹಾಗೆ. ಆ ಹೊತ್ತಿಗೆ ಮಾರುವವನಿಗೆ ಯಾವಾಗ ಮನೆಗೆ ಹೋದೇನೋ ಅನಿಸಿರುತ್ತದೆ, ಇಲ್ಲ ಅನ್ನುವುದಿಲ್ಲ. ಊರಲ್ಲಿರುವ ನನ್ನ ಮನೆ ಎದ್ದು ನಿಂತಿರುವುದೇ ಇಂಥ ಕೊಸರುಗಳ ಮೇಲೆ. ಹೊಸ್ತಿಲು ಒಂದು ಊರಿನದು, ಕಿಟಕಿ ಇನ್ನೊಂದು ಊರಿನದು. ಹಿತ್ತಿಲ ಬಚ್ಚಲಲ್ಲಿ ಹೆಂಡತಿ ಬಟ್ಟೆ ಒಗೆಯುವ ಕಲ್ಲು ನಮ್ಮೂರ ಜಮೀನ್ದಾರರ ವಾಡೆಯದೇ. ವಾಡೆ ಕೆಡವುವಾಗ ಒಂದು ಲಾರಿ ತೊಲೆಗಳ ಮೇಲೆ ಕೊಸರಿಗೆ ಬಂದದ್ದು. ನಮ್ಮವ್ವ ಆ ವಾಡೆಯ ಅಂಗಳ ದಾಟಿ ಒಳಗೆ ಹೋದವಳಲ್ಲ. ಹೊರಗೆ ನಿಂತೇ ಕೂಲಿಯ ಜೋಳ ಸೆರಗಿಗೆ ಹಾಕಿಸಿಕೊಂಡವಳು. ಅಲ್ಲಿಯ ಕಲ್ಲು ನಮ್ಮ ಬಚ್ಚಲಿಗೆ ಬಂತಲ್ಲ ಎಂದು ಅವತ್ತು ನನಗೆ ಒಳಗೊಳಗೇ ಖುಷಿ. ಕಲ್ಲಿನ ಮೇಲೆ ಅಕ್ಷರಗಳಿದ್ದವು. ಬಟ್ಟೆ ತಿಕ್ಕಲು ಒರಟು ಇರಲಿ ಎಂದು ಆ ಮುಖವನ್ನೇ ಮೇಲೆ ಮಾಡಿ ಹಾಕಿಸಿದೆ.

ಮಂಡಳಿಯ ಜೀವ ಎಂದರೆ ನಮ್ಮ ಮಾಸ್ತರು. ಹೈಸ್ಕೂಲಿನಿಂದ ನಿವೃತ್ತರಾದವರು, ಹಳಗನ್ನಡದ ಅಕ್ಷರ ಓದಬಲ್ಲವರು ಊರಲ್ಲಿ ಅವರೊಬ್ಬರೇ. ಒಮ್ಮೆ ಎಲ್ಲರನ್ನೂ ಟಂಟಂ ಆಟೋದಲ್ಲಿ ತುಂಬಿಕೊಂಡು ನಾರಾಯಣಪುರದ ಗುಡಿಗೆ ಕರೆದೊಯ್ದಿದ್ದರು. ಅಲ್ಲಿ ಅಕ್ಷರಕ್ಕೆ ಸೀಮೆಸುಣ್ಣ ತಿಕ್ಕಲು ಹೊರಟಾಗ ನಾನೇ ತಡೆದೆ. "ಸುಣ್ಣ ಕಲ್ಲಿಗಿ ಕಚಗೋತದ್ರಿ ಸರ್. ಜ್ವಾಳದ ಹಿಟ್ಟು ಹಚ್ರಿ, ಊದಿದ್ರ ಹೋಗ್ತದ." ಅವತ್ತಿನಿಂದ ಮಂಡಳಿಯ ಚೀಲದಲ್ಲಿ ಒಂದು ಡಬ್ಬಿ ಜೋಳದ ಹಿಟ್ಟು ಇದ್ದೇ ಇರುತ್ತದೆ. ಮಾಸ್ತರು ಬಂದವರಿಗೆಲ್ಲ ನನ್ನನ್ನು ತೋರಿಸಿ, ಇದು ನಮ್ಮ ಸಾವಕಾರ್ರ ತಲಿ, ಎನ್ನುತ್ತಿದ್ದರು. ನನಗೂ ಉಬ್ಬು.

ಈ ಉಬ್ಬು ಇಳಿದದ್ದು ಹನುಮಂತ ದೇವರ ಗುಡಿಯ ಅಂಗಳದಲ್ಲಿ. ಅಲ್ಲಿ ಬೇವಿನ ಬುಡಕ್ಕೆ ಒರಗಿಸಿದ ಒಂದು ಅರ್ಧ ಕಲ್ಲು ಮೊದಲಿನಿಂದ ಇತ್ತು. ಆ ತಿಂಗಳ ಭಾಷಣ ಅದರ ಮೇಲೆ. ಮಾಸ್ತರು ಹಿಟ್ಟು ಹಚ್ಚಿ, ಬೆರಳಿಟ್ಟು ಓದಿದರು.

"ಇಲ್ಲೀತನಕ ಏನದ ಅಂದ್ರ, ಕೆರಿ ಕಟ್ಟಿಸಿದ್ರು, ಕೆರಿ ಸಲುವಾಗಿ ಹೊಲ ಬಿಟ್ರು ಅಂತದ. ಕಡೀ ಸಾಲಿನ್ಯಾಗ, ಈ ಧರ್ಮ ಯಾರು ಕೆಡಸ್ತಾರ ಅವರು… ಅಂತ ಬಂದು ಕಲ್ಲು ಮುರದದ."

"ಅವರು ಏನಾಗ್ತಾರ್ರಿ ಸರ್?" ಎಂದು ಕೇಳಿದವನು ನಮ್ಮ ಓಣಿಯ ಕಂಡಕ್ಟರ್. ಅವನಿಗೂ ನೌಕರಿ ಮುಗಿದಿದೆ, ಬಾಯಿ ಮುಗಿದಿಲ್ಲ.

"ಅದು ಕೆಳಗಿನ ಅರ್ಧದಾಗ ಅದ. ಆ ಅರ್ಧ ಎಲ್ಲದ ಯಾರಿಗಿ ಗೊತ್ತು?"

"ಟಿಕೇಟು ಅರ್ಧಾ ಹರದಂಗ ಆತಲ್ರಿ! ಎಲ್ಲಿ ಇಳೀಬೇಕು ತಿಳಿಯಂಗಿಲ್ಲ."

ಎಲ್ಲರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ. ಆಗ ಕಣ್ಣಿಗೆ ಬಿತ್ತು: ಕರಿ ಕಲ್ಲಿನಲ್ಲಿ ಓರೆಯಾಗಿ ಇಳಿದ ಒಂದು ಬಿಳಿ ಗೆರೆ, ಕಿರುಬೆರಳಿನಷ್ಟು ದಪ್ಪ, ಮುರಿದ ಅಂಚಿನವರೆಗೆ ಬಂದು ನಿಂತಿದೆ. ಅದರ ಮುಂದಿನ ಭಾಗವನ್ನು ನಾನು ದಿನಾ ಮುಂಜಾನೆ ಹಲ್ಲುಜ್ಜುತ್ತ ನೋಡುತ್ತೇನೆ. ನಮ್ಮ ಬಚ್ಚಲ ಕಲ್ಲಿನಲ್ಲಿ ಅದೇ ಗೆರೆ ಮೇಲಂಚಿನಿಂದ ಶುರುವಾಗಿ ಕೆಳಗಿಳಿಯುತ್ತದೆ.

ಬೇವಿನ ಕಟ್ಟೆಗೆ ಕೂತುಬಿಟ್ಟೆ.

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದೆ. ಹಳೇ ಕಲ್ಲು ಸಿಕ್ಕ ಜಾಗದಲ್ಲಿ ಸರ್ಕಾರ ಬೋರ್ಡು ನೆಡುತ್ತದಂತೆ, ಆಮೇಲೆ ಸಂಡಾಸಕ್ಕೆ ಗುಂಡಿ ತೋಡಲಿಕ್ಕೂ ಪರವಾನಗಿ ಬೇಕಂತೆ, ಕಲ್ಲು ಇಟ್ಟುಕೊಂಡವನನ್ನು ಠಾಣೆಗೆ ಕರೆಯುತ್ತಾರಂತೆ. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಇವನ್ಯಾಕೆ ಕೇಳುತ್ತಿದ್ದಾನೆ ಅಂತ ಶುರುವಾಗುತ್ತದಲ್ಲ. ಮನೆ ಹೋಗುವ ಭಯ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ವಾಡೆಯ ಅಂಗಳದಲ್ಲಿ ನಿಂತವಳ ಮಗ ವಾಡೆಯ ಕಲ್ಲು ಕದ್ದ ಎನ್ನುತ್ತಾರೆ. ಕೊಸರಿಗೆ ರಸೀದಿ ಯಾರು ಕೊಡುತ್ತಾರೆ? ನನ್ನ ಹತ್ತಿರ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಮಾಸ್ತರು ಬಿಡುವವರಲ್ಲ. ಇನ್ನರ್ಧ ಕಲ್ಲು ಊರಲ್ಲೇ ಯಾವುದೋ ಗೋಡೆಯಲ್ಲಿ, ಯಾವುದೋ ಬಚ್ಚಲಲ್ಲಿ ಇರಬೇಕು, ಮನೆಮನೆಗೆ ಹೋಗಿ ಹುಡುಕೋಣ ಎಂದರು. 'ಬಚ್ಚಲ' ಎಂದಾಗ ನನ್ನ ಮುಖ ನೋಡಿದರೋ ಇಲ್ಲವೋ, ನನಗೆ ಮಾತ್ರ ನೋಡಿದಂತೆಯೇ ಅನಿಸಿತು. ಓಣಿಗಳ ಪಟ್ಟಿ ನಾನು ಮಾಡಿಕೊಡುತ್ತೇನೆಂದು ಮುಂದೆ ಬಿದ್ದೆ. ನಮ್ಮ ಓಣಿಯನ್ನು ಎಲ್ಲಕ್ಕಿಂತ ಕೊನೆಗೆ ಬರೆದೆ. ಹುಡುಕುವವರು ಅಷ್ಟರಲ್ಲಿ ದಣಿದಿರುತ್ತಾರೆ. ಕೊಸರು ಕೇಳುವ ಲೆಕ್ಕವೇ ಇದು, ಈ ಸಲ ತಿರುಗಿಸಿ ಹಾಕಿದ್ದೆ.

ಶನಿವಾರ ಹುಡುಕಾಟ ಎಂದು ಗೊತ್ತಾಯಿತು. ಶುಕ್ರವಾರ ನಾನು ಅಡ್ಡೆಯಲ್ಲಿದ್ದೆ. ಲಾರಿಯಿಂದ ಕಂಬ ಇಳಿಸುತ್ತಿದ್ದರು, ಗದ್ದಲವೋ ಗದ್ದಲ. ಅಷ್ಟರಲ್ಲಿ ಹೆಂಡತಿಯ ಫೋನು.

"ಅಹೋ, ಪಂಚಾಯತಿ ಮೈಕಿನ್ಯಾಗ ಕೂಗಾಕತ್ತಾರ. ನಾಳಿ ಮನಿಮನಿಗಿ ಶಾಸನ ಬರ್ತದಂತ, ಹುಡುಕ್ತಾರಂತ. ಖರೇನ್ರಿ?"

"ಖರೇ. ನಮ್ಮನಿಗೂ ಬರ್ತಾರ."

"ಅಯ್ಯೋ ದೇವರ! ನಮ್ಮ ಮನ್ಯಾಗ ಏನದ ಅಂತ?"

"ಬಚ್ಚಲ ಕಲ್ಲದ. ಅದರ ಮ್ಯಾಲಿನ ಅಕ್ಷರ ಯಾರ ಕಣ್ಣಿಗೂ ಬೀಳಬಾರದು. ಏನರ ಮಾಡು."

'ಏನರ ಮಾಡು' ಅಂದರೆ ಒಂದು ಗೋಣಿತಾಟು ಹಾಸು, ಮೇಲೆ ಬಕೀಟು ಇಡು ಎಂದು ನನ್ನ ಅರ್ಥ. ಅದನ್ನು ಬಿಡಿಸಿ ಹೇಳಲಿಲ್ಲ. ಫೋನಿನಲ್ಲಿ ಅರ್ಧ ಮಾತಾಡಬೇಡಿ, ಅದರಲ್ಲೂ ಹೆದರಿಕೊಂಡಾಗ.

ಮಧ್ಯಾಹ್ನ ಇಳಿಹೊತ್ತಿಗೆ ಊರ ಕ್ರಾಸಿನಲ್ಲಿ ಆಟೋ ಇಳಿದು ಓಣಿಗೆ ತಿರುಗಿದೆ. ಟಕ್ ಟಕ್ ಟಕ್ ಎಂದು ಉಳಿಯ ಸದ್ದು. ನನ್ನ ಮನೆ ಕಟ್ಟಿಸುವಾಗ ತಿಂಗಳುಗಟ್ಟಲೆ ಕೇಳಿದ ಸದ್ದು, ಆವಾಗ ಹಿತವಾಗಿತ್ತು. ಈಗಲೂ ಅದು ನನ್ನ ಮನೆಯಿಂದಲೇ ಬರುತ್ತಿತ್ತು. ಚಪ್ಪಲಿ ಬಿಡದೆ ಒಳಗೆ ಓಡಿದೆ.

ಹಿತ್ತಿಲಲ್ಲಿ ಕಲ್ಲು ಕಟೆಯುವಾಕೆ ಕೂತಿದ್ದಳು. ಬೀಸುವ ಕಲ್ಲು ಸವೆದರೆ ಉಳಿಯಿಂದ ಹೊಡೆದು ಒರಟು ಮಾಡಿಕೊಡುತ್ತ ಊರೂರು ತಿರುಗುವಾಕೆ. ತನ್ನ ಕಡೆಯ ಕೆಳಗಿನ ಅಂಚಿನಿಂದ ಹಿಡಿದು ಮೇಲಕ್ಕೆ ಹೊಡೆದುಕೊಂಡು ಬಂದಿದ್ದಳು. ಬಚ್ಚಲ ಕಲ್ಲು ಸಿಡುಬು ಎದ್ದ ಮುಖದಂತೆ ಆಗಿತ್ತು. ಮೇಲಿನ ಎರಡು ಸಾಲು ಮಾತ್ರ ಉಳಿದಿದ್ದವು.

"ನಿಲ್ಲಸು! ನಿಲ್ಲಸವಾ!"

ಆಕೆ ಉಳಿ ಎತ್ತಿ ಹಿಡಿದೇ ನನ್ನನ್ನು ನೋಡಿದಳು. "ಯಾಕಣ್ಣಾ? ನಿನ್ನ ಹೆಂತಿನೇ ಕರದಾಳ. ನಾ ಆವಾಗೇ ಕೇಳ್ದೆ, ಅಕ್ಕಾ, ಇಷ್ಟುದ್ದ ಕಲ್ಲಿನ ಮ್ಯಾಲ ಊರ ಮಂದೀದೆಲ್ಲ ಮಸಾಲಿ ಅರೀತೀಯೇನು ಅಂತ."

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಯಾಕ ಹಿಂಗ ಮಾಡಿದಿ?"

"ನೀವ ಅಂದ್ರಲ್ರಿ, ಅಕ್ಷರ ಕಾಣಬಾರದು ಅಂತ. ಶಾಸನದವ್ರು ಬಂದು ನಿಮ್ಮ ಕೈಗಿ ಬೇಡಿ ಹಾಕಿದ್ರ ನಾ ಏನ್ ಮಾಡ್ಲಿ?"

"ಶಾಸನದವ್ರು ಅಂದ್ರ ಯಾರು ಅಂತ ತಿಳದಿ? ಮಾಸ್ತರು, ಕಂಡಕ್ಟರು!"

"ಅವ್ರು ಯಾವಾಗಿಂದ ಶಾಸನ ಆದ್ರು? ಶಾಸನ ಅಂದ್ರ ಸರ್ಕಾರ ಅಲ್ಲೇನ್ರಿ?"

ಆಗ ಹೊಳೆಯಿತು. ನನ್ನ ಹೆಂಡತಿ ಗಡಿಯಾಚೆಯ ಉಮರ್ಗಾ ಕಡೆಯವಳು, ಮರಾಠಿ ಸಾಲೆ ಕಲಿತವಳು, ಗಂಡನನ್ನು 'ಅಹೋ' ಎಂದು ಕರೆಯುವುದೂ ಅಲ್ಲಿಯದೇ ರೂಢಿ. ಅವಳ ತವರಲ್ಲಿ ಶಾಸನ ಎಂದರೆ ಸರ್ಕಾರ. ಕಲ್ಲಿನ ಮೇಲಿನ ಬರಹಕ್ಕೂ ನಾವು ಅದೇ ಮಾತು ಹೇಳುತ್ತೇವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಿಂಗಳು ತಿಂಗಳು ಮಂಡಳಿಗೆ ಹೋಗಿಬಂದ ನಾನೂ ಅಲ್ಲಿ ಏನು ಮಾತಾಡಿದೆವೆಂದು ಮನೆಯಲ್ಲಿ ಹೇಳಿದವನಲ್ಲ.

"ಇಷ್ಟು ವರ್ಷ ಅದರ ಮ್ಯಾಲೇ ನಿಮ್ಮ ಅಂಗಿ ಕಾಲರು ತಿಕ್ಕೀನಿ," ಎಂದಳು ಅಳುತ್ತ. "ಅಕ್ಷರದ ಮ್ಯಾಲ ತಿಕ್ಕಿದ್ರ ಹೊಲಸು ಲಗೂ ಹೋಗ್ತದ. ನಂಗೇನು ಅದರ ಮ್ಯಾಲ ಸಿಟ್ಟಿತ್ತೇನ್ರಿ?"

ಕಟೆಯುವಾಕೆಯನ್ನು ಕಳಿಸಿ ಬಾಗಿಲು ಹಾಕಿದೆ. ಇಲ್ಲಿಯವರೆಗೆ ನಾನು ಕಲ್ಲು ಇಟ್ಟುಕೊಂಡವನು. ಈಗ ಕಲ್ಲು ಹಾಳು ಮಾಡಿದವನು. ಅಡ್ಡೆಗೆ ಸಾಗಿಸಿ ನೂರಾರು ಕಲ್ಲುಗಳ ನಡುವೆ ಎಸೆದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟಂಟಂನವನಿಗೆ ಫೋನು ಹಚ್ಚಲು ನಂಬರನ್ನೂ ತೆಗೆದೆ. ಆದರೆ ಆ ಎರಡು ಸಾಲು ನನ್ನನ್ನು ಬಿಡಲಿಲ್ಲ. ಈ ಧರ್ಮ ಕೆಡಿಸಿದವರು ಏನಾಗುತ್ತಾರೆ ಎನ್ನುವುದರ ಉತ್ತರ ಮೇಲಂಚಿನಲ್ಲೇ ಇರಬೇಕಲ್ಲ? ಉಳಿದದ್ದೂ ಅದೇ. ಕೆಡಿಸಿದ್ದು ನಾವು, ಓದಲು ಬರದವರೂ ನಾವು. ಹೆಂಡತಿಗೆ ಈ ಮಾತು ಹೇಳಬಾರದಿತ್ತು, ಹೇಳಿಬಿಟ್ಟೆ. ಅವಳು ಕಲ್ಲಿನ ಹತ್ತಿರ ಹೋಗುವುದನ್ನೇ ಬಿಟ್ಟಳು. ಮುಖ ತೊಳೆಯಲಿಕ್ಕೂ ಬಾಗಿಲ ಮುಂದಿನ ನಳಕ್ಕೆ ಹೋದಳು.

ಮರುದಿನ ಬೆಳಕು ಹರಿಯುತ್ತಲೇ ಎದ್ದು, ಆ ಎರಡು ಸಾಲುಗಳಿಗೆ ಹಿಟ್ಟು ಹಚ್ಚಿ, ಕಾಗದದ ಮೇಲೆ ಇದ್ದ ಹಾಗೇ ಬರೆದುಕೊಂಡು ಮಾಸ್ತರ ಮನೆಗೆ ಹೋದೆ.

"ನಮ್ಮ ಬೀಗರ ಊರಾಗಿನ ಕಲ್ಲಿದು ಸರ್. ಏನದ ಅಂತ ಕೇಳ್ಯಾರ."

ಮಾಸ್ತರು ಕನ್ನಡಕ ಹಾಕಿಕೊಂಡರು. ಮೊದಲ ಅಕ್ಷರಕ್ಕೇ ಅವರ ಬೆರಳು ನಿಂತಿತು. ಗುಡಿಯ ಕಲ್ಲು ನಿಂತಲ್ಲಿಂದಲೇ ಅದು ಶುರುವಾಗಿತ್ತು. ಆಮೇಲೆ ಕಾಗದ ಮಡಚಿ ನನ್ನ ಕೈಗೇ ಕೊಟ್ಟರು.

"ಬೀಗರಿಗಿ ಹೇಳ್ರಿ ಸಾವಕಾರ್ರ, ಮೊದಲ ಕಲ್ಲು ತೋರಸ್ರಿ, ಆಮ್ಯಾಲ ಓದಿ ಹೇಳ್ತೀನಿ ಅಂತ."

ಇಡೀ ಬದುಕಿನಲ್ಲಿ ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದವರು ಅವರೊಬ್ಬರೇ. ಅಲ್ಲೇ ಅವರ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಕೊಸರು, ಬಿಳಿ ಗೆರೆ, ಓಣಿಗಳ ಪಟ್ಟಿ, ಫೋನು, ಉಳಿ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ಮೆಟ್ಟಿ ನಮ್ಮ ಮನೆಯ ಕಡೆ ಮುಂದೆ ನಡೆದರು. ಆ ದಿನದ ಹುಡುಕಾಟ ಅಲ್ಲಿಗೇ ಮುಗಿಯಿತು.

ಬಚ್ಚಲಲ್ಲಿ ಧೋತರ ಎತ್ತಿ ಕಟ್ಟಿ ಕೂತರು. ಕಟೆದ ಜಾಗದ ಮೇಲೆ ಅಂಗೈ ಆಡಿಸಿದರು, ಕುರುಡರು ಮುಖ ಸವರುವ ಹಾಗೆ. ಹೆಂಡತಿ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಳು. ಮಾಸ್ತರು ಉಳಿದ ಎರಡು ಸಾಲು ಓದಿದರು.

"ಕೆಡಿಸಿದವರಿಗಿ, ಕಾಶಿ ಒಳಗ ಸಾವಿರ ಆಕಳ ಕೊಂದ ಪಾಪ ಬರ್ತದ ಅಂತದ."

ಹೆಂಡತಿ ಅಲ್ಲೇ ಕುಸಿದು ಕೂತಳು. ಮಾಸ್ತರು ತಿರುಗಿ ನೋಡಿ, "ತಂಗೀ, ಅಂಜಬ್ಯಾಡ," ಎಂದರು. "ಇದು ಎಲ್ಲಾ ಕಲ್ಲಿನ ಮ್ಯಾಲೂ ಇರೂ ಮಾತೇ. ಬಸ್ಸಿನ್ಯಾಗ ಟಿಕೇಟು ಇಲ್ದವರಿಗಿ ದಂಡ ಅಂತ ಬರದಿರ್ತದಲ್ಲ, ಹಂಗ. ಇದನ್ನ ನಾ ಓದದಿದ್ರೂ ಹೇಳ್ತಿದ್ದೆ. ಕಲ್ಲು ಹುಡುಕೂ ಆಸೆ ಹುಟ್ಟಲಿ ಅಂತ ಅವತ್ತು ಗುಡ್ಯಾಗ ಹೇಳಲಿಲ್ಲ."

"ಮತ್ತ ಕೆಳಗ ಏನಿತ್ರಿ ಸರ್?" ಎಂದೆ.

"ಕೆಳಗ ಬರಿಯೋದು ಹೆಸರು. ಯಾರು ಹೇಳಿ ಬರಸಿದ್ರು, ಯಾರು ಕೂತು ಕೆತ್ತಿದ್ರು. ಅದು ಆಯಾ ಕಲ್ಲಿಗಿ ಬ್ಯಾರೆ. ಹೆದರಸೂದು ಉಳದದ, ಕೆತ್ತಿದವನ ಹೆಸರು ಹೋಗ್ಯದ."

ನಾನು ಕಲ್ಲಿನ ವ್ಯಾಪಾರದವನು. ಎಷ್ಟು ಕಂಬ, ಎಷ್ಟು ಹೊಸ್ತಿಲು ಕೈದಾಟಿ ಹೋಗಿವೆಯೋ, ಯಾವುದರ ಮೇಲೂ ಕೆತ್ತಿದವನ ಹೆಸರು ಕಂಡವನಲ್ಲ. ಒಂದರ ಮೇಲೆ ಇದ್ದಿರಬಹುದು. ಅದರ ಮೇಲೆ ನನ್ನ ಕಾಲರು ತಿಕ್ಕಿಸಿಕೊಂಡಿದ್ದೆ.

ಕಲ್ಲು ಈಗ ಹನುಮಂತ ದೇವರ ಗುಡಿಯಲ್ಲಿ ಮೇಲಿನ ಅರ್ಧದ ಕೆಳಗೆ ಕೂತಿದೆ. ನನ್ನ ಅಡ್ಡೆಯ ಮಂದಿಯೇ ಕೂರಿಸಿದ್ದು. ಬಿಳಿ ಗೆರೆ ನೂಲಿನಷ್ಟೂ ಸರಿಯದೆ ಕೂಡಿತು. ಮುಂದಿನ ತಿಂಗಳ ಭಾಷಣ ನನ್ನದೇ ಎಂದು ಮಾಸ್ತರು ಹೇಳಿದರು. ಮೈಕು ಹಿಡಿದು, ಬೆವೆತು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕಂಡಕ್ಟರ್ ಕೂಡ ಜೋಕು ಮಾಡಲಿಲ್ಲ. ನಿಮ್ಮ ಮನೆಯಲ್ಲಿ ಅಕ್ಷರದ ಕಲ್ಲು ಇದ್ದರೆ ಮುಚ್ಚಿಡಬೇಡಿ, ಮುಚ್ಚಿಟ್ಟರೂ ಯಾಕೆ ಮುಚ್ಚಿಟ್ಟಿರಿ ಎಂದು ಮನೆಯವರಿಗೆ ಪೂರಾ ಹೇಳಿ ಎಂದೆ. ನನ್ನ ಹತ್ತಿರ ಇದ್ದ ಬುದ್ಧಿವಾದ ಅಷ್ಟೇ.

ಪುರಾತತ್ವ ಇಲಾಖೆಗೆ ಮಾಸ್ತರು ಕಾಗದ ಬರೆದಿದ್ದಾರೆ. ಬರೆಯಲೇಬೇಕು, ಸಾವಕಾರ್ರ, ನಾ ಮುಚ್ಚಿಟ್ರ ನಿಮಗೂ ನಂಗೂ ಏನು ಫರಕು, ಎಂದರು. ಕಾಗದದಲ್ಲಿ ನನ್ನ ಹೆಸರೂ ಇದೆ. ಇನ್ನೂ ಯಾರೂ ಬಂದಿಲ್ಲ. ಬಂದವರು ಏನನ್ನುತ್ತಾರೋ, ಬರೀ ಫೋಟೋ ತೆಗೆದುಕೊಂಡು ಹೋಗುತ್ತಾರೋ, ಮನೆಯ ಹೊಸ್ತಿಲು ಕಿಟಕಿಗಳ ರಸೀದಿಯನ್ನೂ ಕೇಳುತ್ತಾರೋ, ಗೊತ್ತಿಲ್ಲ. ಬಚ್ಚಲಿಗೆ ನುಣುಪಾದ ಹೊಸ ಕಲ್ಲು ಹಾಕಿಸಿದ್ದೇನೆ. ಕಾಲರಿನ ಕರಿ ಅದರ ಮೇಲೆ ಹೋಗುವುದಿಲ್ಲ.

ಓಣಿಯಲ್ಲಿ ಅಪರಿಚಿತ ಜೀಪಿನ ಸದ್ದಾದರೆ ಹೆಂಡತಿ ಕೈಯಲ್ಲಿನ ಕೆಲಸ ಬಿಟ್ಟು ಕೂಗುತ್ತಾಳೆ. "ಅಹೋ, ಶಾಸನ ಬಂತೇನು ನೋಡ್ರಿ!" ಈಗ ಅವಳಿಗೆ ಎರಡೂ ಅರ್ಥ ಗೊತ್ತು. ಯಾವ ಅರ್ಥದಲ್ಲಿ ಕೂಗಿದಳೆಂದು ನಾನು ಕೇಳುವುದಿಲ್ಲ. ಕರಿ ಉಳಿದ ಕಾಲರು ಒಳಗೆ ಮಡಚಿಕೊಂಡು ಅಗುಳಿ ತೆಗೆಯುತ್ತೇನೆ.