ಮೊದಲು ಸಾಯುವವಳು

ಮಕ್ಕಳೇ, ನಿನ್ನೆ ಬೆಳಿಗ್ಗೆ ಅಡುಗೆಮನೆಯಿಂದ ಬೆಲ್ಲದ ಪಾಕದ ವಾಸನೆ ಬಂತು. ಹಬ್ಬವಿಲ್ಲ, ಹರಿದಿನವಿಲ್ಲ, ಏನಿದು ಎಂದು ಹೋಗಿ ನೋಡಿದರೆ ನಿಮ್ಮ ದೀಪಕ್ಕ ಪಾಕಕ್ಕೆ ಬೀಟ್‌ರೂಟ್ ರಸ ಸುರಿದು ರಕ್ತ ಕಾಯಿಸುತ್ತಿದ್ದಳು! ಕಾಲೇಜಿಗೆ ಸಿನಿಮಾ ತೆಗೆಯಬೇಕಂತೆ. ಮುಖವಾಡದವನೊಬ್ಬ ಚಾಕು ಹಿಡಿದು ಒಬ್ಬೊಬ್ಬರನ್ನೇ ಕೊಲ್ಲುವಂಥದು.

ಅಂಥದೊಂದನ್ನು ನಾನೂ ನೋಡಿದ್ದೇನೆ, ನಂಬಿ. ಆಗ ನಿಮ್ಮ ಅಜ್ಜ ಇದ್ದರು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಖುಷಿಗೆ ಅಮ್ಮತ್ತಿ ಪೇಟೆಯಿಂದ ವಿಡಿಯೋ ಬಾಡಿಗೆಗೆ ತಂದು, ಕಾಫಿ ಒಣಗಿಸುವ ಕಣದಲ್ಲಿ ಎಲ್ಲರಿಗೂ ತೋರಿಸಿದರು. ಅರ್ಧ ಸಿನಿಮಾ ನಾನು ಸೆರಗಿನೊಳಗಿಂದಲೇ ನೋಡಿದೆ. ಪಕ್ಕದಲ್ಲಿ ಸೆಲ್ವಿ, ಕೂಲಿಯವರ ಲೈನ್ ಮನೆಯಿಂದ ನಮ್ಮ ತೋಟಕ್ಕೆ ಬರುತ್ತಿದ್ದ ನನ್ನ ಜೊತೆಗಾತಿ. ಕಪ್ಪಗಿನ ಕೆಲಸದವಳೊಬ್ಬಳು ಪೊರಕೆ ಹಿಡಿದು ಬಂದದ್ದೇ ತಡ, ಸೆಲ್ವಿ ನನ್ನ ತೊಡೆ ಚಿವುಟಿ, "ಅಕ್ಕಾ, ನಮ್ಮಾಳು ಬಂದ್ಲು. ಈಗ ಸಾಯ್ತಾಳೆ ನೋಡಿ" ಅಂದಳು. ಸತ್ತೇಹೋದಳು, ಹೆಸರೂ ತಿಳಿಯಲಿಲ್ಲ. ಕಣವೆಲ್ಲ ನಕ್ಕಿತು. ಸೆಲ್ವಿಯ ಪುಟ್ಟ ಮಗಳು ಮಾತ್ರ ಆಮೇಲೆ ಅಮ್ಮನ ಕೈ ಬಿಡಲಿಲ್ಲ.

ಆ ಮಗಳ ಮಗಳೇ ಕಾವ್ಯ, ದೀಪುವಿನ ಗೆಳತಿ. ನಿನ್ನೆ ಅವಳ ಕೈಯಲ್ಲೂ ಪೊರಕೆ.

"ಇವಳೇ ಮೊದ್ಲು ಸಾಯೋದಾ?" ಎಂದೆ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಅಷ್ಟು ಕೇಳಿದ್ದೇ ಹೆಚ್ಚು.

"ಯಾರಾದ್ರೂ ಮೊದ್ಲು ಸಾಯ್ಲೇಬೇಕಲ್ಲ ಅಜ್ಜಿ?" ಎಂದಳು ದೀಪು.

ಕಾವ್ಯ ಪೊರಕೆಯ ಕಡ್ಡಿ ಕೀಳುತ್ತ, "ಪರವಾಗಿಲ್ಲ ಅಜ್ಜಿ, ಅಭ್ಯಾಸ ಆಗಿದೆ. ಸ್ಕೂಲ್ ನಾಟಕದಲ್ಲೂ ನಾನೇ ಕೆಲಸದವಳು" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

"ಹಾಗಾದ್ರೆ ನನ್ನ ಕೊಲ್ಲು. ಇವಳು ಕೊನೇವರೆಗೂ ಇರ್ಲಿ."

"ಅಜ್ಜೀ! ನೀವು ಆಕ್ಟಿಂಗಾ?"

"ಸಾಯೋದಕ್ಕೆ ಎಂಥ ಆಕ್ಟಿಂಗ್? ಮಲಗಿದ್ರೆ ಆಯ್ತಲ್ಲ."

ಅದೂ ನನಗೆ ಬರಲಿಲ್ಲ. ಸೀರೆ ತುಂಬ ಬೀಟ್‌ರೂಟ್ ಸುರಿಸಿಕೊಂಡು ಅಂಗಳದಲ್ಲಿ ಬಿದ್ದಿದ್ದೆ. ಕಾವ್ಯ ಕಾಫಿ ಗಿಡಗಳೊಳಗೆ ಓಡಿದಳು, ಹಿಂದೆ ಮುಖವಾಡದ ಹುಡುಗ. ಅಲ್ಲಿಂದ ಅವಳು "ಕೂ..." ಎಂದು ಕೂಗಿದಳು. ನಿಮಗೆ ಗೊತ್ತಲ್ಲ, ಗಿಡಗಳ ಮರೆಯಲ್ಲಿ ಹಣ್ಣು ಕುಯ್ಯುವಾಗ ಒಬ್ಬರಿಗೊಬ್ಬರು ಕಾಣುವುದಿಲ್ಲ. ಆನೆಯ ಭಯ ಬೇರೆ. ಒಬ್ಬಳು ಕೂಗಿದರೆ ಉಳಿದವರೆಲ್ಲ ಮರುಕೂಗು ಕೊಡಲೇಬೇಕು. ಸತ್ತು ಬಿದ್ದಿದ್ದ ನಾನು "ಕೂ..." ಎಂದುಬಿಟ್ಟೆ! ಜಗಲಿಯಲ್ಲಿ ನೋಡುತ್ತ ಕೂತಿದ್ದ ಸೆಲ್ವಿಯೂ ಕೂಗಿದಳು.

"ಕಟ್! ಸತ್ತವರು ಕೂಗ್ತಾರಾ ಅಜ್ಜಿ?"

ನಾಚಿಕೆಯಿಂದ ಮುಖ ಮುಚ್ಚಿಕೊಂಡೆ. ಆದರೆ ಕೊಲೆಗಾರ ಹುಡುಗ ಗಾಬರಿಯಿಂದ ಸುತ್ತ ನೋಡುತ್ತ ನಿಂತೇಬಿಟ್ಟಿದ್ದ. ದೀಪು ಅವನನ್ನೇ ದಿಟ್ಟಿಸಿ, "ಇರಿ, ಇದನ್ನೇ ಇಟ್ಕೊಳ್ಳೋಣ. ಇವನು ಹೆದರಿ ಓಡ್ಲಿ. ಕಾವ್ಯ, ನಿನ್ನ ಪಾತ್ರಕ್ಕೊಂದು ಹೆಸರು ಹೇಳೇ" ಎಂದಳು.

"ಸೆಲ್ವಿ" ಎಂದಳು ಕಾವ್ಯ, ಯೋಚಿಸದೆ.

ಇವತ್ತು ಸೀರೆ ನೆನೆಹಾಕಿದ್ದೇನೆ. ನಿಮ್ಮ ಅಜ್ಜ ಹೋದ ಮೇಲೆ ನನ್ನ ಮೈಮೇಲೆ ಕೆಂಪು ಬಿದ್ದದ್ದು ಇದೇ ಮೊದಲು. ಆಗಲೇ ಬಂದ ಸೆಲ್ವಿ ಬಕೆಟ್ಟಿಗೆ ಇಣುಕಿ, "ಇನ್ನೂ ಚೆನ್ನಾಗಿ ಉಜ್ಜಿ ಅಕ್ಕಾ, ಹೋಗುತ್ತೆ" ಅಂದಳು.

"ಇರ್ಲಿ ಬಿಡು" ಎಂದೆ. "ಇನ್ನೊಂದು ಸಲ ಸಾಯೋದಕ್ಕೆ ಬೇಕಾಗುತ್ತೆ."